ಬೀಗ ಹಾಕಿದ ಬಾವಿಯ ಅಧ್ಯಯನ

2004ರ ಫೆಬ್ರುವರಿಯಲ್ಲಿ ಚೆನ್ನೈನ ನುಂಗಂಬಾಕ್ಕಂ ಭಾಗದ ಒಂದು ಹಳೆಯ ಬೀದಿಯನ್ನು ಸರ್ಕಾರಿ ನೆರವಿನಿಂದ ಪುನಶ್ಚೇತನಗೊಳಿಸಲಾಯಿತು. ಅದೇ ವಾರದಿಂದ ಆ ಬೀದಿಯ ಮನೆಗಳ ಬಾಗಿಲಿಗೆ ನೀರು ಬರುವುದು ನಿಂತಿತು. ಈ ಎರಡರಲ್ಲಿ ಮೊದಲನೆಯದನ್ನು ಅಧ್ಯಯನ ಮಾಡಲು ಮಾರ್ಚ್ ಮೊದಲ ವಾರ ನಮ್ಮೂರಿನಿಂದ ಒಂದು ತಂಡ ಹೋಯಿತು. ಪತ್ರಿಕೆಯ ಪರವಾಗಿ ನಾನೂ ಹೋಗಿದ್ದೆ.

ಕೋಯಂಬೇಡು

ಕಡತದಲ್ಲಿ ಮೊದಲು ಇದ್ದ ಊರು ಸಿಂಗಪುರ. ಹಳೆಯ ಬೀದಿಗಳನ್ನು ಕೆಡವದೆ, ಅಲ್ಲಿನ ಜನರನ್ನು ಎಬ್ಬಿಸದೆ ಹೊಸ ಜೀವ ಕೊಡುವುದು ಹೇಗೆ ಎಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು ಎಂದು ನಮ್ಮೂರಿನ ಎಂಜಿನಿಯರ್ ನಂಜುಂಡಯ್ಯನವರು ಬರೆದಿದ್ದರು. ಹಣಕಾಸಿನವರು ಕಡತ ಓದಿದರು, ಉದ್ದೇಶವನ್ನು ಮೆಚ್ಚಿದರು, ಸಿಂಗಪುರ ಎಂಬುದನ್ನು ಹೊಡೆದು ಚೆನ್ನೈ ಎಂದು ಬರೆದರು. ಸಮುದ್ರ ಅಲ್ಲಿಯೂ ಇದೆ ಎಂಬುದು ಅವರ ವಾದವಾಗಿತ್ತೆಂದು ತಿಳಿದುಬಂತು. ಆ ಹೊತ್ತಿಗೆ ನಂಜುಂಡಯ್ಯನವರು ಚಕ್ರವಿರುವ ಒಂದು ದೊಡ್ಡ ಸೂಟ್‌ಕೇಸನ್ನೂ ಒಂದು ಜೊತೆ ಕಪ್ಪು ಬೂಟುಗಳನ್ನೂ ಕೊಂಡಾಗಿತ್ತು. ಅವೂ ಚೆನ್ನೈಗೆ ಬಂದವು.

ತಂಡದಲ್ಲಿ ಅವರಲ್ಲದೆ ನಮ್ಮೂರಿನ ಕೋಟೆ ಬೀದಿಯ ವಾರ್ಡಿನ ಸದಸ್ಯ ಪುಟ್ಟಸ್ವಾಮಿ ಇದ್ದರು. ಪುನಶ್ಚೇತನದ ಸರದಿಯಲ್ಲಿ ಮುಂದಿನದು ಆ ಕೋಟೆ ಬೀದಿಯೇ. ಅಲ್ಲಿ ಮಾಡಬೇಕಾದ್ದನ್ನು ಚೆನ್ನೈನಲ್ಲಿ ನೋಡಿ ಬರುವುದು ನಮ್ಮ ಪ್ರವಾಸದ ಉದ್ದೇಶ. ಗಡಿ ದಾಟುವವರೆಗೂ ಪುಟ್ಟಸ್ವಾಮಿ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದರು.

"ಪಾಸ್‌ಪೋರ್ಟು ತಂದಿದ್ದೀರಾ ಸಾರ್? ಹೊಸೂರಲ್ಲಿ ಕೇಳಿದ್ರೆ ಏನ್ಮಾಡ್ತೀರಿ?"

ನಂಜುಂಡಯ್ಯ ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಿದ್ದರು.

ಬಸ್ಸು ಕೋಯಂಬೇಡು ತಲುಪಿದಾಗ ಬೆಳಕು ಹರಿದಿತ್ತು. ನಮ್ಮೂರಿನ ನಿಲ್ದಾಣದಲ್ಲಿ ಬಸ್ಸನ್ನು ಹುಡುಕಬೇಕು. ಇಲ್ಲಿ ನಿಲ್ದಾಣದಿಂದ ಹೊರಗೆ ಹೋಗುವ ದಾರಿಯನ್ನು ಹುಡುಕಬೇಕಾಯಿತು. ಕೇಳಿದವರೆಲ್ಲ ವಿನಯದಿಂದ ಕೈ ತೋರಿಸಿದರು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಎಲ್ಲರ ಮಾತನ್ನೂ ಪಾಲಿಸಿದ ನಾವು ಸಗಟು ತರಕಾರಿ ಮಾರುಕಟ್ಟೆಯ ಬಾಯಿಗೆ ಬಂದು ನಿಂತೆವು. ಸೂಟ್‌ಕೇಸಿನ ಚಕ್ರಗಳನ್ನು ವಿಮಾನ ನಿಲ್ದಾಣದ ನೆಲಕ್ಕಾಗಿ ಮಾಡಿದ್ದರು. ಕೋಸಿನ ಎಲೆಗಳ ಮೇಲೆ ಅವು ಉರುಳಲು ಒಪ್ಪಲಿಲ್ಲ. ಪುಟ್ಟಸ್ವಾಮಿ ಅದನ್ನು ಹೆಗಲ ಮೇಲೆ ಹೊತ್ತುಕೊಂಡರು. ಅವರನ್ನು ಹಮಾಲಿ ಎಂದು ತಿಳಿದ ಒಬ್ಬ ವ್ಯಾಪಾರಿ, ಯಾವ ಮಳಿಗೆಗೆ ಎಂದು ತಮಿಳಿನಲ್ಲಿ ಕೇಳಿದ. ಪುಟ್ಟಸ್ವಾಮಿ ಅವನ ಟೊಮ್ಯಾಟೊ ರಾಶಿಯನ್ನೇ ನೋಡುತ್ತಿದ್ದರು.

"ನೋಡಿ ಸಾರ್, ನಮ್ ಕಡೆ ಮಾಲು. ನಮಗೆ ಗೊಜ್ಜಿಗೂ ಸಿಕ್ಕಲ್ಲ, ಇಲ್ಲಿ ಬಂದು ಹೆಂಗೆ ಮೆರೀತಾ ಐತೆ!"

ನಮ್ಮನ್ನು ಕರೆದೊಯ್ಯಲು ವ್ಯಾನ್ ಬರಬೇಕಿತ್ತು. ಅದು ಬಂದಿತ್ತು, ಎಗ್ಮೋರ್ ರೈಲು ನಿಲ್ದಾಣಕ್ಕೆ. ಅಧ್ಯಯನ ತಂಡಗಳು ರೈಲಿನಲ್ಲಿ ಬರುತ್ತವೆ ಎಂಬುದು ಅಲ್ಲಿನವರ ಅನುಭವವಂತೆ. ನಂಜುಂಡಯ್ಯನವರ ಮೊಬೈಲ್ ರಾಜ್ಯದ ಗಡಿ ದಾಟಿದೊಡನೆ ಮೌನ ತಾಳಿತ್ತು. ಬೂತಿನಿಂದ ಫೋನ್ ಮಾಡಿದಾಗ, ವ್ಯಾನ್ ಅಲ್ಲಿಯೇ ಕಾಯುತ್ತಿದೆ, ತಾವು ದಯವಿಟ್ಟು ಅಲ್ಲಿಗೆ ಬಂದು ಹತ್ತಬೇಕು ಎಂಬ ಉತ್ತರ ಬಂತು. ವ್ಯಾನ್ ಹತ್ತಲು ಆಟೋ ಹಿಡಿದೆವು. ಆಟೋದಲ್ಲಿ ಮೀಟರ್ ಇತ್ತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ ಇಟ್ಟಿದ್ದರು. ಅದನ್ನು ಮುಟ್ಟುವ ಪದ್ಧತಿ ಆ ಊರಿನಲ್ಲಿ ಇಲ್ಲ.

ಎಗ್ಮೋರ್

ಯೋಜನೆಯ ಕಚೇರಿ ನಿಲ್ದಾಣಕ್ಕೆ ಹತ್ತಿರದ ಒಂದು ಹಳೆಯ ಕಟ್ಟಡದಲ್ಲಿತ್ತು. ಕಟ್ಟಡಕ್ಕೆ ಪುನಶ್ಚೇತನದ ಅಗತ್ಯವಿರುವುದು ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತಿತ್ತು. ನಮ್ಮನ್ನು ಬರಮಾಡಿಕೊಂಡವರು ಯೋಜನೆಯ ಸಮನ್ವಯಾಧಿಕಾರಿ ರಾಘವನ್. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಮೆಲುಮಾತು, ಕೋಪ ಬಾರದ ಮುಖ. ಇಂಗ್ಲಿಷ್ ಮತ್ತು ತಮಿಳಿನಲ್ಲಿ ಮಾತಾಡುತ್ತಿದ್ದರು. ತಟ್ಟೆಯಂಥ ಬಟ್ಟಲಿನಲ್ಲಿ ಲೋಟ ಇಟ್ಟು ಕಾಫಿ ಕೊಟ್ಟರು. ಸುರಿದು ಎತ್ತಿ ಆರಿಸಿ ಕುಡಿಯುವ ಆ ಕ್ರಮವನ್ನು ನಂಜುಂಡಯ್ಯ ಪಾಲಿಸಲು ಹೋಗಿ ಅರ್ಧ ಕಾಫಿಯನ್ನು ಮೇಜಿನ ಮೇಲಿದ್ದ ಬೀದಿಯ ನಕ್ಷೆಗೆ ಕುಡಿಸಿದರು. ರಾಘವನ್ ಇನ್ನೊಂದು ನಕ್ಷೆ ತರಿಸಿದರು. ನಕ್ಷೆಗಳಿಗೆ ಕೊರತೆ ಇರಲಿಲ್ಲ.

ದೀಪ ಆರಿಸಿ ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದರು. 'ಮೊದಲು' ಎಂಬ ಚಿತ್ರದಲ್ಲಿ ಒಂದು ಬೀದಿ, ಸೈಕಲ್ಲುಗಳು, ಒಣಹಾಕಿದ ಬಟ್ಟೆ, ಜಗಲಿಯ ಮೇಲೆ ತರಕಾರಿ ಹೆಚ್ಚುತ್ತ ಕುಳಿತ ಹೆಂಗಸರು, ಮಧ್ಯದಲ್ಲಿ ಒಂದು ನೀರಿನ ಲಾರಿ. 'ನಂತರ' ಎಂಬ ಚಿತ್ರದಲ್ಲಿ ಬೀದಿ ಮಾತ್ರ ಇತ್ತು.

"ಜನ ಎಲ್ಲಿ ಹೋದರು?" ಎಂದು ಪುಟ್ಟಸ್ವಾಮಿ ನನ್ನನ್ನು ಕೇಳಿದರು. ನಾನು ಅದನ್ನೇ ಇಂಗ್ಲಿಷಿನಲ್ಲಿ ಕೇಳಿದೆ.

"ಫೋಟೋಕ್ಕೋಸ್ಕರ ಸ್ವಲ್ಪ ಹೊತ್ತು ಒಳಗೆ ಇರಲು ಕೇಳಿಕೊಂಡಿದ್ದೆವು" ಎಂದರು ರಾಘವನ್. "ಬಹಳ ಸಹಕಾರ ಕೊಡುವ ಜನ."

ಯೋಜನೆಯ ಗುರಿಗಳನ್ನು ಅವರು ವಿವರಿಸಿದರು. ತಲೆಮಾರುಗಳಿಂದ ಇರುವವರು ಅಲ್ಲಿಯೇ ಇರಬೇಕು. ಹಳೆಯ ಮನೆಗಳು ಉಳಿಯಬೇಕು. ಬೀದಿ ತನ್ನ ನೆರಳು ನೀರನ್ನು ತಾನೇ ನೋಡಿಕೊಳ್ಳುವಂತಾಗಬೇಕು. ಇದಕ್ಕೆ ಸುಸ್ಥಿರ ಎಂಬ ಪದವನ್ನು ಬಳಸುತ್ತಿದ್ದರು. ಆ ಪದ ಬಂದಾಗಲೆಲ್ಲ ನಂಜುಂಡಯ್ಯ ತಲೆಯಾಡಿಸುತ್ತಿದ್ದುದರಿಂದ ಅವರ ಕುತ್ತಿಗೆಗೆ ಬಿಡುವಿರಲಿಲ್ಲ.

ಸರ್ಕಾರದ ನೆರವು ಯಾವುದಕ್ಕೆಲ್ಲ ಸಿಗುತ್ತದೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಕ್ಕಿತು. ಬೀದಿಯಿಂದ ಕಾಣುವ ಎಲ್ಲಕ್ಕೂ ಸಿಗುತ್ತದೆ. ಗೋಡೆಗೆ ಸುಣ್ಣ, ಕಂಬಕ್ಕೆ ಎಣ್ಣೆ, ಬಾಗಿಲಿಗೆ ಹಿತ್ತಾಳೆಯ ಚಿಲಕ.

"ಪಾಯಿಖಾನೆಗೆ?" ಎಂದರು ಪುಟ್ಟಸ್ವಾಮಿ. ಇದಕ್ಕೆ ಅನುವಾದ ಬೇಕಾಗಲಿಲ್ಲ.

"ಅದು ಬೀದಿಯಿಂದ ಕಾಣುವುದಿಲ್ಲ" ಎಂದರು ರಾಘವನ್, ವಿಷಾದದಿಂದ.

ಪಿಳ್ಳೈಯಾರ್ ಕೋಯಿಲ್ ಬೀದಿ

ಗಣಪತಿಯ ಗುಡಿ ಇರುವ ಬೀದಿಗೆಲ್ಲ ಆ ಊರಿನಲ್ಲಿ ಇದೇ ಹೆಸರು. ನಾವು ನೋಡಲು ಹೋದದ್ದು ನುಂಗಂಬಾಕ್ಕಂನಲ್ಲಿ, ದೊಡ್ಡ ಕಚೇರಿಗಳ ಬೆನ್ನಿಗೆ ಇರುವುದು. ವ್ಯಾನ್ ಬೀದಿಯ ಬಾಯಲ್ಲಿ ನಿಂತಿತು. ಒಳಗೆ ಹೋಗುವಂತಿರಲಿಲ್ಲ. ಅಡ್ಡಲಾಗಿ ಸೊಂಟದೆತ್ತರದ ಕಲ್ಲಿನ ಗೂಟಗಳನ್ನು ನೆಟ್ಟಿದ್ದರು. ಮನುಷ್ಯ ನುಸುಳಬಹುದು, ಸೈಕಲ್ಲನ್ನು ಓರೆ ಮಾಡಿ ನುಸುಳಿಸಬಹುದು, ಅದಕ್ಕಿಂತ ದೊಡ್ಡದು ಯಾವುದೂ ಹೋಗದು. ಬೀದಿಯನ್ನು ನಡೆಯುವವರಿಗೇ ಬಿಟ್ಟುಕೊಡುವುದು ಯೋಜನೆಯ ಹೆಮ್ಮೆ.

ನಂಜುಂಡಯ್ಯ ಒಂದು ಗೂಟವನ್ನು ಎತ್ತಿನ ಬೆನ್ನು ತಟ್ಟುವಂತೆ ತಟ್ಟಿದರು. "ಸಾದರಹಳ್ಳಿ ಕಲ್ಲು ಕಣ್ರೀ ಇದು! ನಮ್ಮದು!" ಎಂದರು. ಮನೆಯಿಂದ ಇಷ್ಟು ದೂರ ಬಂದು ನೆಂಟರನ್ನು ಕಂಡ ಸಂತೋಷ ಅವರ ಮುಖದಲ್ಲಿತ್ತು.

ಬೀದಿ ನಿಜವಾಗಿಯೂ ಚೆನ್ನಾಗಿತ್ತು. ಮರದ ಕಂಬಗಳ ಜಗಲಿಗಳು, ಹೆಂಚಿನ ಮಾಡು, ಬೇವಿನ ಮರ, ತಗ್ಗು ದೀಪಗಳು. ಗುಡಿಯ ಪಕ್ಕದಲ್ಲಿ ಹಳೆಯ ಬಾವಿ. ಯೋಜನೆಯವರು ಅದರ ಹೂಳು ತೆಗೆಸಿದ್ದರು. ಪ್ರತಿ ಮನೆಯ ಮಾಡಿನ ಮಳೆನೀರು ಕೊಳವೆಯಲ್ಲಿ ಬಂದು ಅದಕ್ಕೆ ಇಳಿಯುವಂತೆ ಮಾಡಿದ್ದರು. ಮೇಲೆ ಕಬ್ಬಿಣದ ಜಾಲರಿ, ಜಾಲರಿಗೆ ದಪ್ಪನೆಯ ಬೀಗ. ಬಗ್ಗಿ ನೋಡಿದರೆ ಕೆಳಗೆ ನೀರು ಹೊಳೆಯುತ್ತಿತ್ತು. ಊರಿನ ಕೆರೆಗಳೆಲ್ಲ ಬತ್ತಿದ್ದ ಆ ವರ್ಷದಲ್ಲಿ ಅದು ಸಣ್ಣ ಸಂಗತಿಯಲ್ಲ.

"ಎಷ್ಟು ಶುದ್ಧವಾಗಿದೆ ನೋಡಿ" ಎಂದರು ರಾಘವನ್.

"ಯಾರು ಸೇದುತ್ತಾರೆ?" ಎಂದು ಕೇಳಿದೆ.

"ಯಾರೂ ಇಲ್ಲ. ಅದಕ್ಕೇ ಶುದ್ಧವಾಗಿದೆ."

ಬಾವಿ ಪಾರಂಪರಿಕ ವಸ್ತುವಾದ್ದರಿಂದ ಬೀಗದ ಕೈ ಬೇರೆ ಇಲಾಖೆಯಲ್ಲಿದೆ ಎಂದು ಅವರು ವಿವರಿಸಿದರು. ಅಷ್ಟರಲ್ಲಿ ಬೀದಿಯ ಬಾಯಿಯಿಂದ ಗಲಾಟೆ ಕೇಳಿತು. ನೀರಿನ ಲಾರಿ ಬಂದಿತ್ತು.

ಮೊದಲು ಆ ಲಾರಿ ಒಳಗೆ ಬಂದು, ಮನೆಮನೆಯ ಸಂಪಿನ ತೊಟ್ಟಿಗೆ ಪೈಪು ಬಿಡುತ್ತಿತ್ತು. ಗೂಟ ನೆಟ್ಟ ಮೇಲೆ ಹೊರಗೆ ನಿಲ್ಲುತ್ತದೆ. ಹೆಂಗಸರು ಕೊಡ ಹೊತ್ತು ಒಳಗೆ ತರುತ್ತಾರೆ. ಇದಕ್ಕೆ ಆ ಊರಿನಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿ ಇದೆ. ಲಾರಿ ಯಾವಾಗ ಬರುತ್ತದೋ ಗೊತ್ತಿಲ್ಲದ್ದರಿಂದ ಯಾರೂ ಸಾಲಿನಲ್ಲಿ ನಿಲ್ಲುವುದಿಲ್ಲ, ಕೊಡಗಳು ನಿಲ್ಲುತ್ತವೆ. ಬೆಳಗ್ಗೆ ಎದ್ದು ಕೊಡ ಇಟ್ಟು ಹೋದರೆ ಮನುಷ್ಯರೇ ನಿಂತಂತೆ. ಕೊಡ ಎಲ್ಲಿದೆಯೋ ಅದು ಆ ಮನೆಯ ಸರದಿ. ಬೇರೆಯವರ ಕೊಡವನ್ನು ಸರಿಸುವ ಧೈರ್ಯ ಬದ್ಧವೈರಿಗೂ ಇಲ್ಲ. ನಮ್ಮೂರಿನಲ್ಲಿ ಜನ ನಿಂತಿದ್ದರೂ ಮುಂದೆ ನುಗ್ಗುತ್ತಾರೆ. ಇಲ್ಲಿ ಪ್ಲಾಸ್ಟಿಕ್ ಕೊಡಕ್ಕೆ ಇರುವ ಮರ್ಯಾದೆಯನ್ನು ನೋಡಿ ಪುಟ್ಟಸ್ವಾಮಿಗೆ ಆಶ್ಚರ್ಯವಾಯಿತು.

ಆದರೆ ಅಂದು ಬೆಳಗ್ಗೆ ಯೋಜನೆಯ ಸಿಬ್ಬಂದಿ, ಕರ್ನಾಟಕದಿಂದ ಅತಿಥಿಗಳು ಬರುವವರಿದ್ದಾರೆಂದು, ಕೊಡಗಳನ್ನು ಅಚ್ಚುಕಟ್ಟಾಗಿ ಜೋಡಿಸಿದ್ದರು. ಬಣ್ಣದ ಪ್ರಕಾರ. ನೀಲಿ ಎಲ್ಲ ಒಂದು ಕಡೆ, ಹಸಿರು ಎಲ್ಲ ಒಂದು ಕಡೆ, ಕೊನೆಗೆ ಕಿತ್ತಳೆ. ದೂರದಿಂದ ನೋಡಿದರೆ ಹೂವಿನ ಪಾತಿಯಂತಿತ್ತು.

ಲಾರಿಯ ಚಾಲಕ ಸೆಲ್ವಂ ಪೈಪು ಹಿಡಿದು ಮೊದಲ ನೀಲಿ ಕೊಡದ ಮುಂದೆ ನಿಂತಿದ್ದ. "ಅಕ್ಕಾ, ಇದು ಯಾರ್ ಕೊಡಂ? ಸೀಕ್ರಂ ಸೊಲ್ಲುಂಗ!" ಎಂದು ಅವಸರ ಮಾಡುತ್ತಿದ್ದ. ಅದು ತನ್ನದೆಂದು ಹಲವರು ಏಕಕಾಲಕ್ಕೆ ಹೇಳಿದರು. ನೀಲಿ ಕೊಡ ಎಲ್ಲರ ಮನೆಯಲ್ಲೂ ಇತ್ತು. ಕಿತ್ತಳೆ ಕೊಡದವರು ತಾವೇ ಮೊದಲು ಬಂದು ಇಟ್ಟದ್ದೆಂದು ಸಾಧಿಸಿದರು. ಬಣ್ಣ ನೋಡಿದರೆ ಅವರು ಕೊನೆಯವರು. ಒಬ್ಬರು ಮತ್ತೊಬ್ಬರ ಕೊಡವನ್ನು ಎತ್ತಿ ಆಚೆ ಇಟ್ಟರು. ಅಲ್ಲಿಗೆ ಪದ್ಧತಿ ಮುರಿಯಿತು. ಮುಂದಿನದನ್ನು ಜಗಳ ಎನ್ನುವುದು ಸೌಜನ್ಯದ ಮಾತು. ಒಂದು ಹಸಿರು ಕೊಡ ಉರುಳಿ ಬಂದು, ಸಿಂಗಪುರಕ್ಕೆಂದು ಕೊಂಡ ಬೂಟುಗಳ ಮೇಲೆ ತಳದಲ್ಲಿ ಉಳಿದಿದ್ದ ನಿನ್ನೆಯ ನೀರನ್ನು ಚೆಲ್ಲಿತು. ಸೆಲ್ವಂ ಸ್ವಲ್ಪ ಹೊತ್ತು ಕಾದ. ಆಮೇಲೆ ಇನ್ನೊಂದು ಬೀದಿ ಕಾಯುತ್ತಿದೆ ಎಂದು ಪೈಪು ಸುತ್ತಿಕೊಂಡು ಲಾರಿ ಹತ್ತಿದ.

"ಹೊಸ ವ್ಯವಸ್ಥೆಗೆ ಸಮಾಜ ಹೊಂದಿಕೊಳ್ಳುವಾಗ ಹೀಗೆ ಸಣ್ಣಪುಟ್ಟದ್ದು ಇರುತ್ತದೆ" ಎಂದರು ರಾಘವನ್.

ಕಿತ್ತಳೆ ಬಣ್ಣದ ಖಾಲಿ ಕೊಡಗಳನ್ನು ಎರಡೂ ಕೈಯಲ್ಲಿ ಹಿಡಿದು ವಾಪಸಾಗುತ್ತಿದ್ದ ಒಬ್ಬ ಹೆಂಗಸು ನಮ್ಮ ಮುಂದೆ ನಿಂತರು. ಅದುವರೆಗೆ ತಮಿಳಿನಲ್ಲಿ ಕೂಗಾಡುತ್ತಿದ್ದವರು ಪುಟ್ಟಸ್ವಾಮಿಯ ಮಾತು ಕಿವಿಗೆ ಬಿದ್ದು ಭಾಷೆ ಬದಲಿಸಿದರು.

"ನೀವೇನ್ರಿ ಊಟಕ್ಕ ಬರೋ ಸಾಹೇಬ್ರು? ಬರ್ರಿ ಬರ್ರಿ. ನಿಮ್ ಸಲುವಾಗಿ ಕೊಡ ಸಿಂಗಾರ ಮಾಡಿದ್ರು. ಈಗ ಅದನ್ನ ಹೊಟ್ಟೆತುಂಬ ನೋಡಿದ್ರಲ್ಲ, ಊಟ ಯಾಕ ಇನ್ನ?"

ಊಟದ ಹೊತ್ತು

ಅವರು ಸರ್ವಮಂಗಳಮ್ಮ. ನಮ್ಮ ಮಧ್ಯಾಹ್ನದ ಊಟ ಗೊತ್ತಾಗಿದ್ದದ್ದು ಅವರ ಮೆಸ್ಸಿನಲ್ಲೇ. ಕನ್ನಡದವರಿಗೆ ಕನ್ನಡದ ಊಟ ಎಂದು ರಾಘವನ್ ಪ್ರೀತಿಯಿಂದ ಏರ್ಪಡಿಸಿದ್ದರು. ಸರ್ವಮಂಗಳಮ್ಮನವರ ಮಾವನವರ ತಂದೆ ದಾವಣಗೆರೆ ಕಡೆಯಿಂದ ಹತ್ತಿ ವ್ಯಾಪಾರಕ್ಕೆ ಬಂದು ಇಲ್ಲಿ ನಿಂತವರು. ಹತ್ತಿ ಹೋಯಿತು. ಯಜಮಾನರು ತೀರಿಕೊಂಡ ಮೇಲೆ ಜಗಲಿಯ ಹಿಂದಿನ ಪಡಸಾಲೆಯಲ್ಲಿ ಇವರು ಮೆಸ್ ತೆರೆದರು. ಮನೆ ಗಣಪತಿ ಗುಡಿಗೆ ಸೇರಿದ್ದು, ಇವರು ಬಾಡಿಗೆಗೆ ಇದ್ದಾರೆ. ಕರ್ನಾಟಕದಿಂದ ವರ್ಗವಾಗಿ ಬಂದ ಬ್ಯಾಂಕಿನವರು, ಆಸುಪಾಸಿನ ಕಚೇರಿಗಳಲ್ಲಿ ಹೊಸದಾಗಿ ಸೇರಿದವರು ರೊಟ್ಟಿ, ಎಣ್ಣೆಗಾಯಿಗಾಗಿ ಇಲ್ಲಿಗೆ ಬರುತ್ತಾರೆ.

ಬಾಳೆ ಎಲೆಯ ಮೇಲೆ ಜೋಳದ ರೊಟ್ಟಿ ಬಂತು. ಪುಟ್ಟಸ್ವಾಮಿ ಎಲೆಯನ್ನೂ ರೊಟ್ಟಿಯನ್ನೂ ನೋಡಿದರು.

"ಏನ್ ನೋಡ್ತೀರಿ? ತಟ್ಟೆ ಐತ್ರಿ. ತೊಳಿಯಾಕ ನೀರಿಲ್ಲ" ಎಂದರು ಸರ್ವಮಂಗಳಮ್ಮ. "ಎಲಿ ಆದ್ರ ಸುಮ್ಮಾ ಮಡಚಿ ಹಾಕಿದ್ರಾತು."

ಕೈ ತೊಳೆಯಲು ಒಬ್ಬರಿಗೆ ಒಂದು ಚೊಂಬು ಎಂದು ಬಾಗಿಲಲ್ಲಿ ಇಟ್ಟಿದ್ದರು. ನಂಜುಂಡಯ್ಯ ಅಭ್ಯಾಸಬಲದಿಂದ ಕಾಲಿಗೂ ಹಾಕಿಕೊಂಡು ಪುಟ್ಟಸ್ವಾಮಿಯ ಚೊಂಬನ್ನೂ ಮುಗಿಸಿದರು. ಒಳಗಿನಿಂದ ಸಣ್ಣ ನಗು ಕೇಳಿಸಿತು. ಅದು ಸರ್ವಮಂಗಳಮ್ಮನವರ ಮಗಳು ಕವಿತಾ. ಹತ್ತಿರದ ಆಡಿಟ್ ಕಚೇರಿಯಲ್ಲಿ ಕೆಲಸ. ಅತಿಥಿಗಳಿದ್ದಾರೆಂದು ಅರ್ಧ ದಿನ ರಜೆ ಹಾಕಿ ಬಡಿಸಲು ನಿಂತಿದ್ದಳು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ತಮಿಳಿನಲ್ಲಿ.

"ಪಲ್ಯ ಹಾಕು ಅವರಿಗೆ."

"ಪೋಟ್ಟಾಚ್ಚು ಮ್ಮಾ."

"ಹಾಕೀನಿ ಅನ್ನು, ಬಾಯಿ ಸೇದಿ ಹೋಗಲ್ಲ."

ಕವಿತಾ ನಕ್ಕು ಇನ್ನೊಮ್ಮೆ "ಪೋಟ್ಟಾಚ್ಚು" ಎಂದಳು.

ರಾಘವನ್ ಹೊರಗೆ ಜಗಲಿಯ ಮೇಲೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಸರ್ವಮಂಗಳಮ್ಮ ನಂಜುಂಡಯ್ಯನವರ ಎಲೆಯ ಮುಂದೆ ಕುಳಿತರು. ಇವತ್ತಿನ ಅಡುಗೆ ಆಗಿರುವುದು ಅಂಗಡಿಯ ಕ್ಯಾನ್ ನೀರಿನಲ್ಲಿ. ಗೂಟ ನೆಟ್ಟಂದಿನಿಂದ ವಾರದಲ್ಲಿ ಮೂರು ದಿನ ಹೀಗೆಯೇ.

"ಕ್ಯಾನ್ ನೀರಿನಾಗ ಅನ್ನ ಮಾಡಿ ಮೆಸ್ ನಡಸಾಕ ಆಗಲ್ಲ ಸಾಹೇಬ್ರ. ಹುಡುಗ್ರಿಗೆ ಹೋಟ್ಲು ರೇಟ್ ಹೇಳ್ಲಾ? ಅಂಬತ್ತೂರಿನಾಗ ನನ್ ತಮ್ಮ ಅದಾನ. ಬಾ ಅಕ್ಕ, ಶೆಡ್ ಐತಿ, ಬೋರ್ ಐತಿ ಅಂತಾನ. ಯುಗಾದಿ ಒಳಗ ಇಲ್ಲಿ ನೀರಿಂದು ಏನಾರ ಒಂದು ಆಗಬೇಕು. ಇಲ್ಲಾಂದ್ರ ಗಂಟು ಕಟ್ಟೋದೇ."

"ಇಲ್ಲೇ ಇರಬೇಕು ಅಂತಲೇ ಅಲ್ವಾ ಇಷ್ಟೆಲ್ಲ ಮಾಡಿರೋದು" ಎಂದರು ನಂಜುಂಡಯ್ಯ.

"ಅದ ಮತ್ತ! ಗ್ವಾಡಿಗೆ ಸುಣ್ಣ ಹೊಡದ್ರು, ಕಂಬಕ್ಕ ಎಣ್ಣಿ ಹಚ್ಚಿದ್ರು. ಮನಿಯೆಲ್ಲ ಮದುವಿ ಹೆಣ್ಣಿನಂಗಾತು. ಒಳಗ ಬಾಯಿ ಒಣಗೇತಿ." ಅವರು ದನಿ ತಗ್ಗಿಸಿದರು. "ನಾನು ಕೇಳೋದು ದೊಡ್ಡದಲ್ರೀ. ಆ ಗೂಟದಾಗ ಎರಡ್ ಮೂರು ಕೀಳ್ರಿ, ಲಾರಿ ಒಳಗ ಬರತ್ತ. ಅದು ಬ್ಯಾಡಾದ್ರ ಬಾವಿ ಬೀಗ ತಗೀರಿ. ಎರಡರಾಗ ಒಂದು. ಇವರಿಗೆ ತಮಿಳಿನಾಗ ಹೇಳಿ ಹೇಳಿ ಸಾಕಾತು. ನೀವು ಆಫೀಸರು, ಅವರೂ ಆಫೀಸರು. ನಿಮ್ ಮಾತು ಅವರಿಗೆ ಹತ್ತತ್ತ. ಸಾಯಂಕಾಲ ಮೀಟಿಂಗ್ ಐತಲ್ಲ, ಒಂದು ಮಾತು ಹಾಕ್ರಿ."

ನಂಜುಂಡಯ್ಯ ಎಣ್ಣೆಗಾಯಿಯನ್ನು ರೊಟ್ಟಿಗೆ ಸುತ್ತಿದರು. "ಖಂಡಿತ ಪ್ರಸ್ತಾಪ ಮಾಡ್ತೀನಮ್ಮ" ಎಂದರು.

ಹೊರಗೆ ಬಂದಾಗ ಪುಟ್ಟಸ್ವಾಮಿ ಅವರನ್ನು ಪಕ್ಕಕ್ಕೆ ಕರೆದರು. "ಸಾರ್, ನಮ್ ಕೋಟೆ ಬೀದಿಗೂ ಬ್ಯಾಸಿಗೇಲಿ ನೀರಿನ ಲಾರೀನೇ ಅಲ್ವಾ ಗತಿ?"

"ಅದಕ್ಕೇ ಅಲ್ವೇನ್ರೀ ಅಧ್ಯಯನ" ಎಂದರು ನಂಜುಂಡಯ್ಯ. ಆಮೇಲೆ ಟೇಪು ತರಿಸಿ ಗೂಟಗಳ ನಡುವಿನ ಅಂತರ ಅಳೆಸಿಕೊಂಡರು.

ಗುಡಿಯ ಮಂಟಪ

ಸಾಯಂಕಾಲ ಗಣಪತಿ ಗುಡಿಯ ಮಂಟಪದಲ್ಲಿ ಜನರ ಪಾಲ್ಗೊಳ್ಳುವಿಕೆಯ ಸಭೆ. ಜನ ಪಾಲ್ಗೊಳ್ಳುವ ಸ್ಥಳವನ್ನು ಜಮಖಾನ ಹಾಸಿ ಗುರುತು ಮಾಡಿದ್ದರು. ನಮಗೆ ಕುರ್ಚಿ, ಬೀದಿಯವರಿಗೆ ಜಮಖಾನ. ನಮ್ಮೂರಿನಲ್ಲಿ ಇಂಥ ಸಭೆ ಗಲಾಟೆಯಿಂದ ಶುರುವಾಗುತ್ತದೆ. ಅಲ್ಲಿ ಪ್ರಾರ್ಥನೆಯಿಂದ ಶುರುವಾಯಿತು. ಎಲ್ಲರಿಗೂ ಸುಂಡಲ್ ಎಂಬ ಕಡಲೆ ಉಸಲಿ ಹಂಚಿದರು. ಉಪ್ಪು ಖಾರ ಹದವಾಗಿತ್ತು. ಕುಡಿಯಲು ನೀರು ಕುರ್ಚಿಯವರಿಗೆ ಬಾಟಲಿಯಲ್ಲಿ ಬಂತು.

ರಾಘವನ್ ತಮಿಳಿನಲ್ಲಿ ನಮ್ಮನ್ನು ಪರಿಚಯಿಸಿದರು. ನೆರೆಯ ರಾಜ್ಯ ಈ ಬೀದಿಯಿಂದ ಕಲಿಯಲು ಬಂದಿದೆ, ಯಾರಾದರೂ ಅತಿಥಿಗಳೊಡನೆ ತಮ್ಮ ಸಂತೋಷವನ್ನು ಹಂಚಿಕೊಳ್ಳಬಹುದು ಎಂದರು. ಸರ್ವಮಂಗಳಮ್ಮ ಎದ್ದು ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೇರವಾಗಿ ನಂಜುಂಡಯ್ಯನವರನ್ನು ನೋಡುತ್ತ ಕನ್ನಡದಲ್ಲಿ ಮಾತಾಡಿದರು. ಮಧ್ಯಾಹ್ನ ಹೇಳಿದ್ದನ್ನೇ ಹೇಳಿದರು. ಗೂಟ ಅಥವಾ ಬೀಗ, ಯುಗಾದಿಯ ಒಳಗೆ, ಇಲ್ಲದಿದ್ದರೆ ತಾನು ಹೋಗುವುದು. ಕೊನೆಗೊಂದು ಮಾತು ಸೇರಿಸಿದರು.

"ನೀರು ಕಣ್ಣಿಗೆ ಕಾಣಂಗ ಇಟ್ಟು ಬೀಗ ಹಾಕೀರಿ. ಕಾಣದಂಗ ಮುಚ್ಚಿದ್ದಿದ್ರ ನಾವು ಅದನ್ನ ಮರ್ತು ಸುಮ್ಮನಾಗ್ತಿದ್ವಿ."

ಅವರು ಕುಳಿತರು. ಸಭೆಯಲ್ಲಿ ಕನ್ನಡ ಬಲ್ಲವರು ನಾವು ಮತ್ತು ಅವರ ಮನೆಯವರು ಮಾತ್ರ. ರಾಘವನ್ ನಗುಮುಖದಿಂದ ನಂಜುಂಡಯ್ಯನವರ ಕಡೆ ಬಾಗಿ, ಏನು ಹೇಳಿದರು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಂಜುಂಡಯ್ಯ ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಯೋಜನೆಯಿಂದ ತಮ್ಮ ಮನೆ ಸುಂದರವಾಗಿದೆ, ಬಾವಿಯಲ್ಲಿ ನೀರು ಕಾಣುವಂತಾಗಿದೆ, ಅದಕ್ಕಾಗಿ ಈ ತಾಯಿ ಸರ್ಕಾರಕ್ಕೆ ಧನ್ಯವಾದ ಹೇಳುತ್ತಿದ್ದಾರೆ.

ಚಪ್ಪಾಳೆ ಬಿತ್ತು. ಸರ್ವಮಂಗಳಮ್ಮನವರಿಗೆ ಇಂಗ್ಲಿಷ್ ಬಾರದು. ತಮ್ಮ ಮಾತಿಗೆ ಚಪ್ಪಾಳೆ ಬಿದ್ದದ್ದು ಕಂಡು ಸುತ್ತ ನೋಡಿದರು, ಕೆಲಸವಾಯಿತು ಎಂಬ ಮುಖದಲ್ಲಿ. ಪಕ್ಕದ ಮನೆಯ ಹೆಂಗಸು ಅವರ ತೋಳು ತಟ್ಟಿದರು.

ಕಂಬಕ್ಕೆ ಒರಗಿ ನಿಂತಿದ್ದ ಕವಿತಾ ಮುಂದೆ ಬಂದಳು. "ಅಮ್ಮಾ ಅಪ್ಪಡಿ ಸೊಲ್ಲಲೆ" ಎಂದಳು. ಅಮ್ಮ ಹಾಗೆ ಹೇಳಲಿಲ್ಲ. ಆಮೇಲೆ ಅಮ್ಮ ಹೇಳಿದ್ದನ್ನು ಒಂದು ಮಾತೂ ಬಿಡದೆ ತಮಿಳಿನಲ್ಲಿ ಹೇಳಿದಳು. ಕೊನೆಯ ಮಾತನ್ನೂ. ಮುಗಿಸಿ ನಂಜುಂಡಯ್ಯನವರ ಕಡೆ ತಿರುಗಿ, ನಾವು ಅವಳ ಬಾಯಲ್ಲಿ ಮೊದಲ ಸಲ ಕೇಳಿದ ಕನ್ನಡದಲ್ಲಿ, "ನಿಮ್ಗೆ ಕನ್ನಡ ಬರತ್ತೆ ಅಂತ ಅಮ್ಮ ನಂಬಿದ್ರು ಸರ್" ಎಂದಳು.

ಈ ಸಲ ಚಪ್ಪಾಳೆ ಜಮಖಾನದ ಕಡೆಯಿಂದ ಬಂತು. ಸರ್ವಮಂಗಳಮ್ಮ ಮಗಳನ್ನು ನೋಡಿದರು, ಆಮೇಲೆ ನಂಜುಂಡಯ್ಯನವರನ್ನು.

ರಾಘವನ್ ಸಿಟ್ಟಾಗಲಿಲ್ಲ. ಇಂಥ ಅಭಿಪ್ರಾಯಗಳೇ ಯೋಜನೆಯ ಜೀವಾಳ ಎಂದರು. ಗೂಟಗಳ ವಿನ್ಯಾಸಕ್ಕೆ ಒಪ್ಪಿಗೆ ಸಿಕ್ಕಿರುವುದರಿಂದ ಅವುಗಳನ್ನು ಮುಂದಿನ ಹಂತದಲ್ಲಿ ಮಾತ್ರ ಪರಿಶೀಲಿಸಬಹುದು, ಬೀಗದ ವಿಷಯವನ್ನು ಸಂಬಂಧಪಟ್ಟ ಇಲಾಖೆಯ ಗಮನಕ್ಕೆ ತರಲಾಗುವುದು ಎಂದರು. ಮುಂದಿನ ಹಂತ ಯಾವಾಗ ಎಂದು ಒಬ್ಬ ವೃದ್ಧರು ಕೇಳಿದರು. ಈ ಹಂತದ ಯಶಸ್ಸನ್ನು ನೋಡಿಕೊಂಡು ಎಂದು ಉತ್ತರ ಬಂತು. ಮಂಗಳಾರತಿಯ ಗಂಟೆ ಹೊಡೆದದ್ದರಿಂದ ಸಭೆ ಮುಗಿಯಿತು.

ವಾಪಸು

ರಾತ್ರಿ ಕೋಯಂಬೇಡಿಗೆ ಹೊರಟೆವು. ವ್ಯಾನ್ ಈ ಸಲ ಸರಿಯಾದ ಜಾಗಕ್ಕೆ ಬಂದಿತ್ತು.

"ಅತಿಥಿಯಾಗಿ ಹೋದಾಗ ಮನೆಯವರ ಮುಂದೆ ಹಂಗೆಲ್ಲ ಹೇಳಕ್ಕಾಗತ್ತೇನ್ರೀ? ಒಂದು ಪ್ರೋಟೊಕಾಲ್ ಅಂತ ಇರತ್ತೆ" ಎಂದರು ನಂಜುಂಡಯ್ಯ, ಯಾರೂ ಕೇಳದಿದ್ದರೂ.

"ಇರತ್ತೆ ಇರತ್ತೆ" ಎಂದರು ಪುಟ್ಟಸ್ವಾಮಿ. "ಸಿಂಗಪುರಕ್ಕೆ ಹೋಗಿದ್ರೆ ಒಳ್ಳೇದಿತ್ತು ಸಾರ್. ಅಲ್ಲಿ ಅವ್ರು ಹೇಳೋದು ನಮ್ಗೆ ಅರ್ಥ ಆಗ್ತಿರಲಿಲ್ಲ. ನಿಮ್ಗೂ ಕಷ್ಟ ತಪ್ಪೋದು."

ತಂಡದ ವರದಿ ಏಪ್ರಿಲ್‌ನಲ್ಲಿ ಸಲ್ಲಿಕೆಯಾಯಿತು. ಚೆನ್ನೈನ ಪ್ರಯೋಗ ಅನುಕರಣೀಯ ಎಂದು ಅದರಲ್ಲಿ ಹೇಳಲಾಗಿದೆ. ಕೋಟೆ ಬೀದಿಯ ಎರಡೂ ಬಾಯಿಗೆ ಕಲ್ಲಿನ ಗೂಟ ನೆಡಲು ಶಿಫಾರಸು ಇ​ದೆ. ಪುಟ್ಟಸ್ವಾಮಿ ಅದಕ್ಕೆ ಸಹಿ ಹಾಕಿಲ್ಲ. ಸದಸ್ಯರ ಸಹಿ ಕಡ್ಡಾಯವಲ್ಲ ಎಂದು ತಿಳಿದುಬಂದಿದೆ.

ನುಂಗಂಬಾಕ್ಕಂನ ಸುದ್ದಿಯನ್ನು ಕವಿತಾ ಫೋನಿನಲ್ಲಿ ಹೇಳಿದಳು. ಯುಗಾದಿಗೆ ಮುಂಚೆಯೇ ಸರ್ವಮಂಗಳಮ್ಮ ಮನೆ ಖಾಲಿ ಮಾಡಿದರು. ಮೆಸ್ ಈಗ ಅಂಬತ್ತೂರಿನಲ್ಲಿ, ತಮ್ಮನ ಶೆಡ್ಡಿನಲ್ಲಿ ನಡೆಯುತ್ತಿದೆ. ಹಳೆಯ ಗಿರಾಕಿಗಳು ಅಷ್ಟು ದೂರ ಬರುವುದಿಲ್ಲ. ಸುತ್ತಲಿನ ಕಾರ್ಖಾನೆಯವರು ಅನ್ನ ಸಾಂಬಾರು ಕೇಳುತ್ತಾರೆ. ರೊಟ್ಟಿ ಮಾಡುವುದು ನಿಂತಿದೆ. ಪಿಳ್ಳೈಯಾರ್ ಕೋಯಿಲ್ ಬೀದಿಯ ಮನೆಯನ್ನು ಗುಡಿಯವರಿಂದ ಯೋಜನೆಯೇ ಬಾಡಿಗೆಗೆ ಪಡೆದು, ಮಾಹಿತಿ ಕೇಂದ್ರ ತೆರೆದಿದೆ. ಕೇಂದ್ರದ ಸಿಬ್ಬಂದಿಗೆ ನೀರಿನ ತೊಂದರೆಯಾದ್ದರಿಂದ ಮೇ ತಿಂಗಳಲ್ಲಿ ಬಾವಿಯ ಬೀಗ ತೆಗೆದು ಪಂಪ್ ಕೂರಿಸಲಾಯಿತು.